ಬೇಕಲಕೋಟೆಯಲ್ಲಿ ಒಂದು ಹಗಲು

ಶಾಲಾಪ್ರವಾಸವೆಂದರೆ ಮೈಸೂರೇ ಆಗಬೇಕೆಂದಿಲ್ಲ. ಪ್ರವಾಸದ ಹಣ ಹೊಂದಿಸಲಾಗದೆ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವ ಹೆತ್ತವರಿಗೆ ಬೇಕಲಕೋಟೆ ಹತ್ತಿರದಲ್ಲೇ ಇದೆ. ಕಾಸರಗೋಡಿನಿಂದ ತೆಂಕಕ್ಕೆ ಬಸ್ಸಿನಲ್ಲಿ ಗಂಟೆಯೊಳಗಿನ ದಾರಿ. ಪುರಾತತ್ತ್ವ ಇಲಾಖೆಯ ಸ್ಮಾರಕವಾದುದರಿಂದ 15 ವರ್ಷದೊಳಗಿನವರಿಗೆ ಪ್ರವೇಶಶುಲ್ಕವಿಲ್ಲ. ಬುತ್ತಿ ಕಟ್ಟಿಕೊಂಡರೆ ಊಟದ ಖರ್ಚೂ ತಪ್ಪಿತು.

ಸಿನಿಮಾ ಹಾಡುಗಳಿಂದ ಹೆಸರಾದ ಈ ಮುರಕಲ್ಲಿನ ಕೋಟೆ, ಕೆಳದಿಯ ಶಿವಪ್ಪನಾಯಕನು 1650ರ ಸುಮಾರಿಗೆ ಕಟ್ಟಿಸಿದುದೆಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? 40 ಎಕರೆಯನ್ನೂ ಸುತ್ತಿಸಿ ದಣಿಸಬೇಕಾಗಿಲ್ಲ. ಕಡಲಿಗೆ ಚಾಚಿದ ಕೊತ್ತಳದಲ್ಲಿ ನಿಲ್ಲಿಸಿದರೆ ಸಾಕು. ಅಲ್ಲಿನ ಗೋಡೆಯ ಕಂಡಿಗಳ ಇಳಿಜಾರು ಒಂದೇ ಬಗೆಯದಲ್ಲ: ಮೇಲಿನವು ದೂರದ ಶತ್ರುವಿಗೆ, ಕೆಳಗಿನವು ಗೋಡೆಯ ಬುಡಕ್ಕೇ ಬಂದವನಿಗೆ. ಒಂದೊಂದರಲ್ಲೂ ಕಣ್ಣಿಟ್ಟು ನೋಡಿದ ಮಗುವಿಗೆ ಕೋನವೆಂದರೇನೆಂದು ಬೇರೆ ಹೇಳಬೇಕಾಗದು. ಮೆಟ್ಟಿಲ ಕೆರೆ, ಮದ್ದಿನಮನೆ, ವೀಕ್ಷಣಾ ಬುರುಜುಗಳನ್ನು ಅವರೇ ಓಡಿ ನೋಡಿಕೊಳ್ಳುತ್ತಾರೆ.

ಹೈದರ್, ಟಿಪ್ಪು, ಬಳಿಕ ಕಂಪೆನಿ ಸರಕಾರ. ಬೇಕಲವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. ಅಜ್ಜನ ಕಾಲದ ದಸ್ತಾವೇಜು ಮನೆಯಲ್ಲಿದ್ದರೆ ಹೊರಡುವ ಮುನ್ನಾದಿನ ತೆಗೆದು, ಅದರಲ್ಲಿ ಬರೆದಿರುವ ಜಿಲ್ಲೆಯ ಹೆಸರನ್ನು ಮಗುವಿನಿಂದಲೇ ಓದಿಸಬಹುದು. ಕೋಟೆಯಲ್ಲಿ ನೆರಳು ಕಡಿಮೆ; ಬೆಳಗ್ಗೆಯೇ ತಲುಪುವುದು ಲೇಸು.