ತೂತಿನ ಕೋಲು

ಫ್ರಾನ್ಸಿನ ಗುಹೆಗಳಲ್ಲಿ ಹಿಮಯುಗದ ಬೇಟೆಗಾರರು ಬಿಟ್ಟುಹೋದ ಒಂದು ವಿಚಿತ್ರ ವಸ್ತು ಸಿಕ್ಕಿದೆ. ಹಿಮಸಾರಂಗದ ಕೊಂಬಿನ ತುಂಡು, ಅದಕ್ಕೊಂದು ದುಂಡನೆಯ ತೂತು. ಏತಕ್ಕೋ! 19ನೇ ಶತಮಾನದ ಪಂಡಿತರು 'ಅಧಿಕಾರದಂಡ' ಎಂದೇ ಹೆಸರಿಟ್ಟರು. ಆಮೇಲಿನವರು ಈಟಿಯ ಡೊಂಕು ತಿದ್ದೋದಕ್ಕೆ ಅಂದರು. ಈಟಿ ಎಸೆಯೋದಕ್ಕೆ ಅಂದವರೂ ಉಂಟು. 2015ರಲ್ಲಿ ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ ಮ್ಯಾಮತ್ ದಂತದ, ನಾಲ್ಕು ತೂತಿನ ಕೋಲೊಂದು ಸಿಕ್ಕಿತು. ಸುಮಾರು 40,000 ವರ್ಷ ಹಳೆಯದು. ತೂತುಗಳೊಳಗೆ ಸುರುಳಿ ಗೀರುಗಳು. ಅಂಥದೇ ಒಂದನ್ನು ಮಾಡಿ, ನಾರು ತೂರಿಸಿ ಹೊಸೆದು ನೋಡಿದರು. ಗಟ್ಟಿ ಹಗ್ಗ ಬಂತು!

ನನಗನ್ನಿಸುವುದಿಷ್ಟು. ಕುರ್ಚಿಯಲ್ಲಿ ಕೂತವನಿಗೆ ದಂಡ ಕಾಣುತ್ತದೆ, ಕೈ ಕೆಸರಾದವನಿಗೆ ಕೆಲಸ ಕಾಣುತ್ತದೆ. ನಾನು ಕಾಮರ್ಸಿನವ, ವೋಚರ್ ಇಲ್ಲದ ಖರ್ಚು ಲೆಕ್ಕಕ್ಕೆ ಬಾರದೆಂಬುದು ನಮ್ಮ ಪಾಠ. ಹಳೆ ಸಾಮಾನಿಗೆ ಅದರ ಸವೆತವೇ ವೋಚರ್. ಊರಲ್ಲಿ ನಮ್ಮಜ್ಜಿ ಇವತ್ತಿಗೂ ತೆಂಗಿನ ನಾರಿನ ಹಗ್ಗ ಹೊಸೀತಾರೆ. ಅಟ್ಟದ ಮೇಲೆ ಅಜ್ಜನ ಮೀನಿನ ಕೂಳಿ ಇದೆ, ಹೆಸರೇ ಗೊತ್ತಿಲ್ಲದ ಒಂದು ಮುಳ್ಳಿನ ಕೋಲೂ ಇದೆ. ಕೇಳಿದರೆ ಹೇಳೋ ಬಾಯಿ ಇನ್ನೂ ಇದೆ. ಈ ರಜೆಗೆ ನೋಟ್‌ಬುಕ್ಕು ಹಿಡಿದೇ ಹೋಗ್ತೇನೆ. ನಿಮ್ಮ ಅಟ್ಟದಲ್ಲೇನಿದೆ, ಗೆಳೆಯರೆ?