ಹ್ಯಾಡ್ ಹಾಕುವ ಮುನ್ನ

ಇಂಗ್ಲಿಷ್ ವ್ಯಾಕರಣ ಕಲಿತ ಕನ್ನಡಿಗರ ತಲೆಯಲ್ಲಿ ಒಬ್ಬ ರೋಗಿ ತಲೆಮಾರುಗಳಿಂದ ಸಾಯುತ್ತಲೇ ಇದ್ದಾನೆ. ಡಾಕ್ಟರು ಬರುವ ಮೊದಲೇ ಅವನ ಕಥೆ ಮುಗಿದಿರುತ್ತದೆ: ‘ದಿ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್.’ ಅವನ ಪಕ್ಕದಲ್ಲಿ ಒಂದು ರೈಲು. ನಾವು ಸ್ಟೇಷನ್ ಮುಟ್ಟುವಷ್ಟರಲ್ಲಿ ಅದೂ ಹೊರಟುಹೋಗಿರುತ್ತದೆ. ಪಾಸ್ಟ್ ಪರ್ಫೆಕ್ಟ್ ಟೆನ್ಸ್ ಎಂದರೆ ಈ ಹೆಣ, ಈ ರೈಲು, ಜೊತೆಗೆ ಒಂದು ಸೂತ್ರ: ಹಿಂದೆ ಎರಡು ಕೆಲಸ ನಡೆದಿದ್ದರೆ ಮೊದಲಿನದಕ್ಕೆ ಹ್ಯಾಡ್ ಹಾಕು, ಆಮೇಲಿನದಕ್ಕೆ ಸಾದಾ ಭೂತಕಾಲ ಸಾಕು. ಸೂತ್ರ ಪೂರ್ತಿ ಸುಳ್ಳೇನಲ್ಲ. ಆದರೂ ಅದನ್ನು ಉರುಹೊಡೆದವರೇ ‘ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ’ ಎಂದು ಸಲೀಸಾಗಿ ಬರೆದುಬಿಡುತ್ತಾರೆ; ಎರಡನೆಯ ಕೆಲಸದ ಸುಳಿವೇ ಅಲ್ಲಿರುವುದಿಲ್ಲ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಹ್ಯಾಡ್‌ನ ಹಿಂದೆ ಒಂದು ಲೆಕ್ಕವಿದೆ, ಅದು ಕನ್ನಡದಲ್ಲಿ ಸರಿಯಾದ ಲೆಕ್ಕ. ಅದನ್ನು ಬಿಡಿಸಿ ತೋರಿಸದೆ ಇಂಗ್ಲಿಷಿನ ಸೂತ್ರವನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿದರೂ ತಪ್ಪು ಜಾಗ ಬಿಟ್ಟು ಕದಲುವುದಿಲ್ಲ.

‘ಮಾವ ಬಂದಿದ್ದಾರೆ’ ಎಂದರೆ ಒಂದು ಪಾವು ಅಕ್ಕಿ ಹೆಚ್ಚಿಗೆ ಇಡಬೇಕು. ‘ಮಾವ ಬಂದಿದ್ದರು’ ಎಂದರೆ ಇಡಬೇಕಾಗಿಲ್ಲ. ಬಂದವರು ಹೊರಟೂ ಹೋಗಿದ್ದಾರೆ. ಹೊರಟುಹೋದರೆಂದು ಯಾರೂ ಹೇಳಲಿಲ್ಲ, ಆದರೂ ಕೇಳಿದವರಿಗೆ ತಿಳಿಯಿತು. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎನ್ನುವವನು ಈಗ ಮೈಸೂರಿನಲ್ಲಿಲ್ಲ, ಹೋಗಿ ಬಂದಿದ್ದಾನೆ. ‘ಬೆಳಗ್ಗೆ ಕಿಟಕಿ ತೆಗೆದಿದ್ದೆ’ ಎಂದರೆ ಆಮೇಲೆ ಅದು ಮುಚ್ಚಿದೆ ಎಂಬ ಧ್ವನಿ ತಾನಾಗಿ ಬರುತ್ತದೆ. ಕ್ರಿಯಾಪದದ ಬಾಲದಲ್ಲಿರುವ ಈ ‘ಇದ್ದೆ, ಇದ್ದರು’ಗಳಿಗೆ ಎರಡು ಉದ್ಯೋಗ. ಒಂದು, ಇಂಗ್ಲಿಷಿನ ಹ್ಯಾಡ್ ಮಾಡುವ ಕೆಲಸವೇ: ‘ಡಾಕ್ಟರು ಬಂದಾಗ ರೋಗಿ ಸತ್ತಿದ್ದ.’ ಇನ್ನೊಂದು, ನಡೆದದ್ದು ನಡೆದು ಮುಗಿಯಿತು, ಅದರ ಫಲ ಈಗ ಉಳಿದಿಲ್ಲ ಎಂದು ಬಾಗಿಲು ಹಾಕುವ ಕೆಲಸ. ಎರಡನೆಯದಕ್ಕೆ ಇನ್ನೊಂದು ಘಟನೆಯ ಆಸರೆ ಬೇಕಿಲ್ಲ, ಈಗಿನ ಸ್ಥಿತಿಯೇ ಸಾಕು. ವಿಚಿತ್ರವೆಂದರೆ ನಮ್ಮ ಶಾಲೆಯ ಕನ್ನಡ ವ್ಯಾಕರಣ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳನ್ನು ಹೇಳಿ ಕೈತೊಳೆದುಕೊಳ್ಳುತ್ತದೆ. ‘ಬಂದ’ನಿಗೂ ‘ಬಂದಿದ್ದ’ನಿಗೂ ಏನು ವ್ಯತ್ಯಾಸ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಅದೇ ಹುಡುಗನಿಗೆ ಪಕ್ಕದ ಪೀರಿಯಡ್ಡಿನಲ್ಲಿ ಇಂಗ್ಲಿಷಿನ ಹನ್ನೆರಡು ಟೆನ್ಸುಗಳ ಪಟ್ಟಿ ಸಿಗುತ್ತದೆ. ಅವನು ‘ಬಂದಿದ್ದ’ ಎಂಬುದಕ್ಕೆ ‘ಹ್ಯಾಡ್ ಕಮ್’ ಎಂದು ಜೋಡಿ ಕಟ್ಟುತ್ತಾನೆ, ಎರಡೂ ಉದ್ಯೋಗಗಳನ್ನು ಆ ಒಂದು ಹ್ಯಾಡ್‌ನ ಹೆಗಲಿಗೇರಿಸುತ್ತಾನೆ. ಹಿಂದಿಯ ‘ಗಯಾ ಥಾ’ ಕೂಡ ಹೆಚ್ಚುಕಡಿಮೆ ಇದೇ ಜಾತಿಯದು. ಹಾಗಾಗಿ ಈ ಚಾಳಿ ಕರ್ನಾಟಕದ ಗಡಿಗೆ ನಿಲ್ಲುವುದಿಲ್ಲ.

ಇಂಗ್ಲಿಷಿನ ಹ್ಯಾಡ್ ನಿಲ್ಲುವ ಜಾಗ ಬೇರೆ. ಹಾನ್ಸ್ ರೈಕನ್‌ಬಾಕ್ ಎಂಬ ತತ್ತ್ವಜ್ಞಾನಿ 1947ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಪುಸ್ತಕವೊಂದರಲ್ಲಿ ಇದನ್ನು ಬಹಳ ಚೊಕ್ಕವಾಗಿ ವಿವರಿಸಿದ್ದಾನೆ. ಯಾವ ಟೆನ್ಸನ್ನೇ ಆಗಲಿ ಅರ್ಥ ಮಾಡಿಕೊಳ್ಳಲು ಮೂರು ಬಿಂದು ಬೇಕು: ಮಾತಾಡುತ್ತಿರುವ ಗಳಿಗೆ, ಘಟನೆ ನಡೆದ ಗಳಿಗೆ, ಎಲ್ಲಿ ನಿಂತು ಆ ಘಟನೆಯನ್ನು ನೋಡುತ್ತಿದ್ದೇವೆಯೋ ಆ ಗಳಿಗೆ. ಸಾದಾ ಭೂತಕಾಲದಲ್ಲಿ ಕಡೆಯ ಎರಡೂ ಒಂದೇ. ಘಟನೆ ನಡೆದಲ್ಲೇ ನಾವೂ ನಿಂತಿರುತ್ತೇವೆ. ಪಾಸ್ಟ್ ಪರ್ಫೆಕ್ಟಿನಲ್ಲಿ ಅವು ಬೇರೆಯಾಗುತ್ತವೆ. ಕಳೆದುಹೋದ ಒಂದು ಗಳಿಗೆಯಲ್ಲಿ ನಿಂತು ಅದಕ್ಕಿಂತ ಹಿಂದಕ್ಕೆ ಕತ್ತು ತಿರುಗಿಸಿ ನೋಡುತ್ತೇವೆ. ಕಾಲು ಊರಲು ಆ ನಡುವಿನ ಗಳಿಗೆ ಇಲ್ಲದಿದ್ದರೆ ಹ್ಯಾಡ್‌ಗೆ ನೆಲೆಯಿಲ್ಲ. ‘ಐ ಹ್ಯಾಡ್ ಪೇಡ್ ದಿ ಫೀಸ್’ ಎಂಬ ಒಂಟಿ ವಾಕ್ಯ ಓದಿದ ಇಂಗ್ಲೆಂಡಿನವನು ಮುಂದಿನ ವಾಕ್ಯಕ್ಕೆ ಕಾಯುತ್ತಾನೆ: ಕಟ್ಟಿಯಾಗಿತ್ತು, ಸರಿ, ಆಮೇಲೇನಾಯಿತು? ನಮ್ಮವನಿಗೆ ಆಮೇಲೆ ಏನೂ ಆಗಿಲ್ಲ. ಫೀಸು ಕಟ್ಟಿದ್ದಾನೆ, ಅಷ್ಟೇ.

ಇಷ್ಟು ತಿಳಿದ ಮೇಲೆ ಆ ಹಳೆಯ ರೋಗಿಯನ್ನು ಇನ್ನೊಮ್ಮೆ ಪರೀಕ್ಷಿಸಬಹುದು. ‘ಬಿಫೋರ್’ ಎಂಬ ಪದ ವಾಕ್ಯದಲ್ಲಿ ಇದ್ದೇ ಇದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಅದೇ ಸಾರುತ್ತದೆ. ಆದ್ದರಿಂದ ‘ದಿ ಪೇಷಂಟ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್’ ಎಂದರೂ ಅಚ್ಚುಕಟ್ಟಾದ ಇಂಗ್ಲಿಷೇ. ‘ಆಫ್ಟರ್’ ಇರುವ ವಾಕ್ಯಕ್ಕೂ ಇದೇ ಮಾತು. ಹ್ಯಾಡ್ ಅನಿವಾರ್ಯವಾಗುವುದು ‘ವೆನ್’ ಬಂದಾಗ. ‘ವೆನ್ ದಿ ಡಾಕ್ಟರ್ ಕೇಮ್, ದಿ ಪೇಷಂಟ್ ಡೈಡ್’ ಎಂದು ಬರೆದರೆ ಡಾಕ್ಟರ ಮುಖ ನೋಡಿಯೇ ಅವನು ಪ್ರಾಣ ಬಿಟ್ಟಂತಾಗುತ್ತದೆ. ‘ಹ್ಯಾಡ್ ಡೈಡ್’ ಎಂದರೆ ಡಾಕ್ಟರು ಬಚಾವ್. ಕನ್ನಡದಲ್ಲೂ ‘ಡಾಕ್ಟರು ಬಂದಾಗ ಸತ್ತ’, ‘ಬಂದಾಗ ಸತ್ತಿದ್ದ’ ಇವುಗಳ ನಡುವೆ ಇಷ್ಟೇ ಅಂತರವಿದೆ. ಅಂದರೆ ಈ ಟೆನ್ಸಿನ ನಿಜವಾದ ಕೆಲಸ ಕನ್ನಡದ ಹುಡುಗನಿಗೆ ಹುಟ್ಟಿನಿಂದ ಗೊತ್ತು. ಹೊಸದಾಗಿ ಕಲಿಸಬೇಕಾದದ್ದು ಹ್ಯಾಡ್ ಹಾಕುವುದನ್ನಲ್ಲ, ಬಿಡುವುದನ್ನು. ಪಠ್ಯಗಳು ಮಾಡುವುದು ಇದಕ್ಕೆ ತದ್ವಿರುದ್ಧ: ಹ್ಯಾಡ್ ಐಚ್ಛಿಕವಾಗಿರುವ ವಾಕ್ಯವನ್ನೇ ಮಾದರಿಯೆಂದು ಮುಂದಿಟ್ಟು, ಅದು ಕಡ್ಡಾಯವಾಗಿರುವ ವಾಕ್ಯವನ್ನು ಹಿಂದಿನ ಬೆಂಚಿಗೆ ಕಳಿಸುತ್ತವೆ.

ಎರಡು ಘಟನೆಗಳ ಸೂತ್ರದ ಇನ್ನೊಂದು ಅವಾಂತರ ಕಥೆ ಬರೆಯುವಾಗ ಗೊತ್ತಾಗುತ್ತದೆ. ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ಸು ಹತ್ತಿದ ಎಂದು ನಾವು ಸಾಲಾಗಿ ಪೋಣಿಸುವುದನ್ನು ಇಂಗ್ಲಿಷ್ ಸಾದಾ ಭೂತಕಾಲದಲ್ಲೇ ಹೇಳಿ ಮುಗಿಸುತ್ತದೆ. ಪ್ರತಿಯೊಂದೂ ಮುಂದಿನದಕ್ಕಿಂತ ಮೊದಲು ನಡೆದದ್ದು ನಿಜ. ಆದರೆ ನಡೆದ ಕ್ರಮವೂ ಹೇಳಿದ ಕ್ರಮವೂ ಒಂದೇ ಆದ್ದರಿಂದ ಹ್ಯಾಡ್‌ಗೆ ಅಲ್ಲಿ ಕೆಲಸವಿಲ್ಲ. ಹೇಳುವ ಕ್ರಮ ತಲೆಕೆಳಗಾದಾಗ ಮಾತ್ರ ಅದು ಬೇಕು. ಪತ್ರಿಕೆಯ ವರದಿ ಇದಕ್ಕೆ ಒಳ್ಳೆಯ ನಿದರ್ಶನ: ರಾಜೀನಾಮೆಯ ಸುದ್ದಿ ಮೊದಲ ಸಾಲಿನಲ್ಲಿ, ಅದಕ್ಕೆ ಕಾರಣವಾದ ಹೋದ ತಿಂಗಳ ಜಗಳ ಮೂರನೆಯ ಸಾಲಿನಲ್ಲಿ, ಹ್ಯಾಡ್ ಕಾಣಿಸಿಕೊಳ್ಳುವುದೂ ಅಲ್ಲೇ. ಒಳ್ಳೆಯ ಇಂಗ್ಲಿಷ್ ಕಾದಂಬರಿಕಾರರು ಇನ್ನೂ ಜಿಪುಣರು. ಹಿನ್ನೋಟ ಹತ್ತು ಪುಟ ಇದ್ದರೂ ಮೊದಲ ಒಂದೆರಡು ವಾಕ್ಯಗಳಿಗೆ ಹ್ಯಾಡ್ ಕೊಟ್ಟು, ಓದುಗ ಹಿಂದಕ್ಕೆ ತಿರುಗಿದನೆಂದು ಖಾತ್ರಿಯಾದ ಮೇಲೆ ಸಾದಾ ಭೂತಕಾಲಕ್ಕೆ ಇಳಿದುಬಿಡುತ್ತಾರೆ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಇಂಗ್ಲಿಷ್ ಈಗ ನಮ್ಮದೂ ಹೌದು. ಕೋಟ್ಯಂತರ ಭಾರತೀಯರು ಹೀಗೆ ಬರೆದು, ಓದಿ, ತಿಳಿದುಕೊಳ್ಳುತ್ತಿರುವಾಗ ಲಂಡನ್ನಿನ ಅಪ್ಪಣೆ ಏಕೆ? ನಮ್ಮ ನಮ್ಮೊಳಗಿನ ಮಾತಿಗೆ ಇದನ್ನು ಒಪ್ಪುತ್ತೇನೆ; ಬೆಂಗಳೂರಿನವರು ಪುಣೆಯವರಿಗೆ ಬರೆದ ‘ಹ್ಯಾಡ್ ಗಾನ್’ನಿಂದ ಯಾರ ಗಂಟೂ ಹೋಗುವುದಿಲ್ಲ. ಅಷ್ಟೇ ಅಲ್ಲ, ಅದಕ್ಕೊಂದು ಮರ್ಯಾದೆಯೂ ಇದೆ. ‘ಒಂದು ವಿಷಯ ಕೇಳೋಣ ಅಂತ ಬಂದಿದ್ದೆ’ ಎನ್ನುವವನು ಇನ್ನೂ ಎದುರಿಗೇ ನಿಂತಿರುತ್ತಾನೆ. ಬಂದ ಉದ್ದೇಶವನ್ನು ಹಿಂದಕ್ಕೆ ತಳ್ಳಿ, ಬೇಡವೆಂದರೆ ಬೇಡ ಎನ್ನುವ ಅವಕಾಶವನ್ನು ಎದುರಿನವರಿಗೆ ಬಿಟ್ಟುಕೊಡುವ ಸೌಜನ್ಯ ಅದು. ಇಂಗ್ಲಿಷರೂ ‘ಐ ಹ್ಯಾಡ್ ಹೋಪ್ಡ್’ ಎನ್ನುವಾಗ ಇದೇ ನಯವನ್ನು ಬಳಸುತ್ತಾರೆ. ಆದರೆ ಸೌಜನ್ಯವೆಂದು ಬರೆದ ‘ಐ ಹ್ಯಾಡ್ ಸೆಂಟ್ ಯೂ ಎ ಮೇಲ್’ ಹೊರದೇಶದವರ ಕಣ್ಣಿಗೆ ‘ಕಳಿಸಿಯಾಗಿತ್ತಲ್ಲ, ನೀವೇ ನೋಡಲಿಲ್ಲ’ ಎಂಬ ಆಕ್ಷೇಪದಂತೆ ಕಾಣಬಹುದು. ವೀಸಾ ಅರ್ಜಿ, ಕರಾರುಪತ್ರ, ಸಂಶೋಧನಾ ಲೇಖನ ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಗೊಂದಲಕ್ಕೆ ಬೆಲೆ ತೆರಬೇಕಾದವರು ಬರೆದವರೇ. ಬೇಕೆಂದಾಗ ಎರಡೂ ಬಗೆಯಲ್ಲಿ ಬರೆಯಬಲ್ಲವನಿಗೆ ನಮ್ಮ ಇಂಗ್ಲಿಷ್ ಒಂದು ಆಯ್ಕೆ. ಒಂದೇ ಬಗೆ ಗೊತ್ತಿರುವವನಿಗೆ ಆ ಆಯ್ಕೆಯೇ ಇಲ್ಲ.

ಪರೀಕ್ಷೆಗೆ ಸೂತ್ರ ಬೇಕು, ಇಷ್ಟೆಲ್ಲ ಸೂಕ್ಷ್ಮ ನಲವತ್ತು ನಿಮಿಷದ ತರಗತಿಯಲ್ಲಿ ಹಿಡಿಸುವುದಿಲ್ಲ ಎಂದು ಅಧ್ಯಾಪಕರು ಹೇಳಬಹುದು. ಕಷ್ಟ ನಿಜ. ಆದರೆ ‘ಮಾವ ಬಂದಿದ್ದಾರೆ, ಬಂದಿದ್ದರು’ ಎಂಬುದನ್ನು ಬೋರ್ಡಿನ ಮೇಲೆ ಬರೆದು ವ್ಯತ್ಯಾಸ ಕೇಳಲು ಐದು ನಿಮಿಷ ಸಾಕು, ಉತ್ತರವನ್ನು ಮಕ್ಕಳೇ ಹೇಳುತ್ತಾರೆ. ಅದಾದ ಮೇಲೆ ‘ಬಾಗಿಲು ಹಾಕುವ ಇದ್ದರುವಿಗೆ ಇಂಗ್ಲಿಷಿನಲ್ಲಿ ಸಾದಾ ಭೂತಕಾಲ’ ಎಂದರೆ ಒಂದು ಸಾಲಿನಲ್ಲಿ ಮುಗಿಯಿತು. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಮಾತ್ರ ಒಂದು ಬಿನ್ನಹ: ‘ಬಿಫೋರ್’ ಇರುವ ವಾಕ್ಯದಲ್ಲಿ ಸಾದಾ ಭೂತಕಾಲ ಬರೆದ ಮಗುವಿಗೆ ದಯವಿಟ್ಟು ಪೂರ್ತಿ ಅಂಕ ಕೊಡಿ.