ಅಮ್ಮಿ ಮೈಸೂರು ನೋಡಿದ್ದು

ರಾಮನಗರದಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಅಷ್ಟು ಹತ್ತಿರದ ಊರಿಗೆ ಅಮ್ಮಿಯನ್ನು ಕರೆದೊಯ್ಯಲು ನಮಗೆ ಹತ್ತು ವರ್ಷ ಬೇಕಾಯಿತು.

ಅಣ್ಣ ತಮ್ಮ ಇಬ್ಬರೂ ಮಾನಸಗಂಗೋತ್ರಿಯಲ್ಲಿ ಓದಿದವರು. 2001ರಲ್ಲಿ ದೊಡ್ಡವನು ಕನ್ನಡ ಎಂ.ಎ.ಗೆ ಸೇರಿದ, ಕೆಲವು ವರ್ಷಗಳ ಮೇಲೆ ಚಿಕ್ಕವನು ಎಂ.ಎಸ್ಸಿ.ಗೆ. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಅಬ್ಬಾ ಮಾರುಕಟ್ಟೆಯಿಂದ ಗೂಡು ತರುತ್ತಿದ್ದರು, ಅಮ್ಮಿ ಚರಕದ ಮುಂದೆ ಕೂರುತ್ತಿದ್ದರು. ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿ ಬಿಳುಚಿ ಸುಲಿದಿರುತ್ತಿತ್ತು. ಬೆಂದ ಹುಳುವಿನ ವಾಸನೆ ಅವರ ಸೀರೆ, ಬುರ್ಖಾ, ನಮ್ಮ ಪುಸ್ತಕಗಳಿಗೂ ಅಂಟಿರುತ್ತಿತ್ತು. ಎಷ್ಟು ತೊಳೆದರೂ ಹೋಗದು.

ಆ ವಾಸನೆಗೇ ನಾವು ನಾಚಿದ್ದು. ಘಟಿಕೋತ್ಸವ ಬಂದಾಗ 'ಮನೆಯವರನ್ನು ಒಳಗೆ ಬಿಡುವುದಿಲ್ಲವಂತೆ' ಎಂದುಬಿಟ್ಟೆವು. 'ಇರಲಿ ಬೇಟಾ, ದೊಡ್ಡವರ ಸಭೆ' ಎಂದರು ಅಮ್ಮಿ. ಚಿಕ್ಕವನ ಸರದಿಗೂ ಅದೇ ಸುಳ್ಳು ಒದಗಿತು.

2009ರಲ್ಲಿ ಚಿಕ್ಕವನು ಓದಲು ಇಂಗ್ಲೆಂಡಿಗೆ ಹೋದ. ಅಲ್ಲಿ ಪದವಿ ಕೊಡುವ ದಿನ ನೈಜೀರಿಯಾದ ಸಹಪಾಠಿಯ ತಾಯಿ ಬಂದಿದ್ದರಂತೆ. ಮಗನ ಹೆಸರು ಕೂಗಿದೊಡನೆ ಆಕೆ ಎದ್ದು ನಿಂತು ಉಲುಲು ಎಂದು ಕೂಗಿದರಂತೆ. ಯಾರೂ ಮುಖ ಸಿಂಡರಿಸಲಿಲ್ಲ. ಅದನ್ನು ಫೋನಿನಲ್ಲಿ ಹೇಳುತ್ತಾ ಹೇಳುತ್ತಾ ಅವನ ಮಾತು ನಿಂತುಹೋಯಿತು. ಇತ್ತ ಕಡೆಯೂ ಮಾತು ಹೊರಡಲಿಲ್ಲ. ಅಬ್ಬಾ ಆಗಲೇ ತೀರಿಕೊಂಡಿದ್ದರು.

2011ರ ಜನವರಿಯಲ್ಲಿ ಅಮ್ಮಿಯನ್ನೂ ಖಾಲಾರನ್ನೂ ರೈಲು ಹತ್ತಿಸಿದೆವು. ಅರಮನೆ ನೋಡಿದ್ದಾಯಿತು. ಖಾಲಾಗೆ ದೇವರಾಜ ಮಾರುಕಟ್ಟೆಯ ಅತ್ತರಿನ ಅಂಗಡಿ ಬಿಟ್ಟು ಬರಲು ಮನಸ್ಸಿಲ್ಲ. ಅಮ್ಮಿಯದು ಮಾತ್ರ ಒಂದೇ ಪ್ರಶ್ನೆ: 'ನೀವು ಓದಿದ್ದು ಎಲ್ಲಿ?'

ಆಟೋ ಹಿಡಿದು ಮಾನಸಗಂಗೋತ್ರಿಗೆ ಹೋದೆವು. ವಿಶ್ವವಿದ್ಯಾನಿಲಯ 1916ರದ್ದು, ಈ ಆವರಣ ಶುರುವಾದದ್ದು 1960ರಲ್ಲಿ, ಹೆಸರಿಟ್ಟವರು ಕುವೆಂಪು ಎಂದೆಲ್ಲ ಗೈಡುಗಳಂತೆ ಒದರಿದೆವು. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಎದುರು ಅಮ್ಮಿ ನಿಂತರು. ಅವರಿಗೆ ಓದಲು ಬರುವುದು ಕುರ್‌ಆನ್ ಮತ್ತು ಅಷ್ಟಿಷ್ಟು ಉರ್ದು. 'ಇಷ್ಟು ದೊಡ್ಡ ಮನೆಯಲ್ಲಿ ಬರೀ ಕನ್ನಡವೇ ಕಲಿಸ್ತಾರಾ?' ಎಂದರು. ಹೌದೆಂದಾಗ, 'ಹಾಗಾದರೆ ನಮ್ಮ ದುಡ್ಡು ದಂಡವಾಗಲಿಲ್ಲ' ಎಂದು ನಕ್ಕರು. ಹಾಸ್ಟೆಲಿನ ಕೋಣೆಯ ಕಿಟಕಿಯನ್ನು ಕೆಳಗಿನಿಂದಲೇ ಬಹಳ ಹೊತ್ತು ನೋಡಿದರು. ಊಟ ಹೇಗಿತ್ತು ಎಂದು ಈಗ ಕೇಳಿದರು, ಹತ್ತು ವರ್ಷದ ಮೇಲೆ.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು ಕ್ರಾಫರ್ಡ್ ಹಾಲಿಗೆ ಬಂದಾಗ ಬಿಸಿಲು ಇಳಿದಿತ್ತು. ಮೆಟ್ಟಿಲ ಮೇಲೆ ಕೂತು ಸುಳ್ಳಿನ ವಿಷಯ ಹೇಳಿದೆವು. ಇಬ್ಬರಲ್ಲಿ ಯಾರು ಮೊದಲು ಬಾಯಿ ಬಿಟ್ಟೆವೋ ಈಗ ನೆನಪಿಲ್ಲ.

'ಗೊತ್ತಿತ್ತು' ಎಂದರು ಅಮ್ಮಿ. 'ನಮ್ಮ ಬೀದಿಯ ಮೇಷ್ಟ್ರು ಮಗಳ ಜೊತೆ ಬಂದಿದ್ದರಲ್ಲ, ಅವರ ಹೆಂಡತಿ ಫೋಟೋ ತೋರಿಸಿದರು.'

'ಮತ್ತೆ ಯಾಕೆ ಕೇಳಲಿಲ್ಲ ಅಮ್ಮಿ?'

ಅವರು ಉತ್ತರ ಕೊಡಲಿಲ್ಲ. ಬುರ್ಖಾದೊಳಗಿದ್ದ ಕೈ ಹೊರತೆಗೆದು ಮೂಸಿ ನೋಡಿಕೊಂಡರು. ಚರಕ ಬಿಟ್ಟು ಆಗಲೇ ಎರಡು ವರ್ಷವಾಗಿತ್ತು.

ಕಾವಲುಗಾರನನ್ನು ಬೇಡಿಕೊಂಡೆವು. ಐದು ನಿಮಿಷಕ್ಕೆಂದು ಅವನು ಬಾಗಿಲು ತೆರೆದ. ಒಳಗೆ ಖಾಲಿ ಕುರ್ಚಿಗಳ ಸಾಲು.

'ಮನೆಯವರು ಕೂರೋದು ಎಲ್ಲಿ?' ಎಂದು ಕೇಳಿದರು. ಹಿಂದಿನ ಸಾಲುಗಳನ್ನು ತೋರಿಸಿದೆವು. ಖಾಲಾರ ಕೈ ಹಿಡಿದು ಹೋಗಿ, ಅಬ್ಬಾಗೆಂದು ನಡುವೆ ಒಂದು ಕುರ್ಚಿ ಬಿಟ್ಟು, ಕೂತರು.